ಕುವೈತ್ ವಿಮೋಚನಾ ಪದಕ: ಒಂದು ಯುದ್ಧ, ಎರಡು ಪದಕ, ಮತ್ತು ಪಟ್ಟಿಯಲ್ಲಿ ಇಲ್ಲದವರು

ಫೆಬ್ರವರಿ ಬಂತೆಂದರೆ ಕುವೈತ್‌ನಲ್ಲಿರುವ ನಮ್ಮವರಿಗೆ ಎರಡು ದಿನ ಒಟ್ಟಿಗೆ ರಜೆ. 25 ರಾಷ್ಟ್ರೀಯ ದಿನ, 26 ವಿಮೋಚನಾ ದಿನ. ರಸ್ತೆ ತುಂಬಾ ಬಾವುಟ, ಮಕ್ಕಳ ಕೈಯಲ್ಲಿ ನೀರಿನ ಪಿಚಕಾರಿ, ಟಿವಿಯಲ್ಲಿ ಹಳೆ ಯುದ್ಧದ ಚಿತ್ರಗಳು. ಆ ಚಿತ್ರಗಳ ನಡುವೆ ಸಮವಸ್ತ್ರ ಹಾಕಿದ ನಿವೃತ್ತ ಅಧಿಕಾರಿಗಳು ಬಂದು ಹೋಗುತ್ತಾರೆ. ಅವರ ಎದೆಯ ಮೇಲಿನ ಪದಕಗಳ ಸಾಲಿನಲ್ಲಿ ಕುವೈತ್ ಬಾವುಟವನ್ನೇ ಅಡ್ಡ ತಿರುಗಿಸಿ ಇಟ್ಟ ಹಾಗೆ ಕಾಣುವ ಒಂದು ರಿಬ್ಬನ್, ಅದರ ಪಕ್ಕದಲ್ಲಿ ಕೆಲವೊಮ್ಮೆ ದಟ್ಟ ಹಸಿರಿನ ಇನ್ನೊಂದು ರಿಬ್ಬನ್ ಇರುತ್ತದೆ. ಎರಡರ ಹೆಸರೂ ಒಂದೇ, ಕುವೈತ್ ವಿಮೋಚನಾ ಪದಕ. ಆದರೆ ಕೊಟ್ಟ ದೇಶ ಬೇರೆ, ಕೊಟ್ಟ ವರ್ಷ ಬೇರೆ, ವಿನ್ಯಾಸವೂ ಪೂರ್ತಿ ಬೇರೆ.

ಹಳೆ ನಾಣ್ಯ, ಹಳೆ ನೋಟು ಮಾರುವ ಅಂಗಡಿಗಳಲ್ಲಿ ಇವು ಆಗಾಗ ಕಣ್ಣಿಗೆ ಬೀಳುತ್ತವೆ. ಇದೇನು, ಯಾರಿಗೆ ಕೊಟ್ಟದ್ದು ಎಂದು ಕೇಳುವವರಿಗಾಗಿ ಈ ಬರಹ. ಗಲ್ಫ್‌ನಲ್ಲಿ ದುಡಿಯುವ ನಮಗೆ ಈ ಪದಕಗಳ ಕಥೆಯಲ್ಲಿ ಸೈನಿಕರಷ್ಟೇ ಅಲ್ಲದೆ ಇನ್ನೊಂದು ವಿಷಯವೂ ಇದೆ. ಅದು ಕೊನೆಯ ಭಾಗದಲ್ಲಿ ಬರುತ್ತದೆ.

ಯುದ್ಧದ ದಿನಾಂಕಗಳು

ಪದಕದ ನಿಯಮ ಅರ್ಥವಾಗಬೇಕಾದರೆ ಮೊದಲು ದಿನಾಂಕಗಳು ಗೊತ್ತಿರಬೇಕು. 1990ರ ಆಗಸ್ಟ್ 2, ಗುರುವಾರ ಬೆಳಗಿನ ಜಾವ ಸದ್ದಾಂ ಹುಸೇನ್‌ನ ಇರಾಕಿ ಸೇನೆ ಗಡಿ ದಾಟಿ ಕುವೈತ್‌ಗೆ ನುಗ್ಗಿತು. ಒಂದೆರಡು ದಿನದಲ್ಲಿ ಇಡೀ ದೇಶ ಅದರ ಕೈವಶವಾಯಿತು. ಅಮೀರ್ ಶೇಖ್ ಜಾಬಿರ್ ಅಲ್-ಅಹ್ಮದ್ ಅಲ್-ಸಬಾಹ್ ಸೌದಿ ಅರೇಬಿಯಾಕ್ಕೆ ಹೋಗಿ ಅಲ್ಲಿಂದಲೇ ಸರ್ಕಾರ ನಡೆಸಿದರು. ಸೌದಿಯ ದೊರೆ ಫಹದ್ ತಮ್ಮ ನೆಲದಲ್ಲಿ ವಿದೇಶಿ ಸೇನೆ ಇಳಿಯಲು ಒಪ್ಪಿದರು. ಅಮೆರಿಕದ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳ ಮೈತ್ರಿಕೂಟ ಸೇರಿತು. 1991ರ ಜನವರಿ 17ಕ್ಕೆ ವಾಯುದಾಳಿ, ಫೆಬ್ರವರಿ 24ಕ್ಕೆ ಭೂಸೇನೆಯ ದಾಳಿ, ಫೆಬ್ರವರಿ 28ಕ್ಕೆ ಕದನ ವಿರಾಮ. ನೆಲದ ಮೇಲಿನ ಯುದ್ಧ ನಡೆದದ್ದು ಬರೀ 100 ಗಂಟೆ. ಹಿಂದೆ ಸರಿಯುವಾಗ ಇರಾಕಿ ಸೇನೆ ಬೆಂಕಿ ಹಚ್ಚಿದ ತೈಲಬಾವಿಗಳು 600ಕ್ಕೂ ಹೆಚ್ಚು. ಕೊನೆಯ ಬಾವಿಯ ಬೆಂಕಿ ಆರಿದ್ದು ಅದೇ ವರ್ಷ ನವೆಂಬರ್‌ನಲ್ಲಿ.

ಸೌದಿ ಪದಕ

ಎರಡರಲ್ಲಿ ಮೊದಲು ಬಂದದ್ದು ಸೌದಿ ಅರೇಬಿಯಾದ ಪದಕ. ಯುದ್ಧ ಮುಗಿದ ವರ್ಷವೇ ದೊರೆ ಫಹದ್ ಅವರ ಸರ್ಕಾರ ಇದನ್ನು ಸ್ಥಾಪಿಸಿತು. ಸೌದಿ ಸೈನಿಕರ ಜೊತೆ ಮೈತ್ರಿಕೂಟದ ಸೈನಿಕರಿಗೂ ಕೊಟ್ಟಿತು.

ನೋಡಲು ಇದು ಸ್ವಲ್ಪ ಆಡಂಬರದ ಪದಕವೇ. ಬೆಳ್ಳಿ ಬಣ್ಣದ ಕಿರಣಗಳು ಸುತ್ತಲೂ ಚಾಚಿ ನಕ್ಷತ್ರದ ಆಕಾರ ಮಾಡುತ್ತವೆ. ಕಿರಣಗಳ ತುದಿ ಚೂಪಾಗಿಲ್ಲ, ದುಂಡಗಿದೆ. ಮಧ್ಯದಲ್ಲಿ ಚಿನ್ನದ ಬಣ್ಣದ ವೃತ್ತ, ಅದರ ಸುತ್ತ ಗರಿಗಳ ಹಾರ. ವೃತ್ತದೊಳಗೆ ಭೂಗೋಳ, ಅದರ ಮೇಲೆ ಅರೇಬಿಯಾ ಪರ್ಯಾಯ ದ್ವೀಪದ ನಕ್ಷೆ. ನೆತ್ತಿಯ ಭಾಗದಲ್ಲಿ ಸೌದಿಯ ಗುರುತಾದ ಖರ್ಜೂರದ ಮರ ಮತ್ತು ಅಡ್ಡಡ್ಡ ಇಟ್ಟ ಎರಡು ಕತ್ತಿ. ಇಖಾಮಾ ಕಾರ್ಡಿನ ಮೇಲೆ, ಸರ್ಕಾರಿ ಪತ್ರಗಳ ತಲೆಯ ಮೇಲೆ ಸೌದಿಯಲ್ಲಿರುವವರು ದಿನವೂ ನೋಡುವ ಅದೇ ಗುರುತು. ಕೆಳಗೆ ಪಟ್ಟಿಯಲ್ಲಿ ‘ಕುವೈತ್ ವಿಮೋಚನೆ’ ಎಂಬ ಅರ್ಥದ ಬರಹ ಅರಬ್ಬಿ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ.

ಈ ಎರಡು ಭಾಷೆ ಗಮನಿಸಬೇಕಾದದ್ದು. ಸೌದಿ ಸರ್ಕಾರ ಈ ಪದಕವನ್ನು ತನ್ನ ಸೈನಿಕರ ಎದೆಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿಸಲಿಲ್ಲ. ಅಮೆರಿಕದ ಯಾವುದೋ ಊರಿನ ಹುಡುಗ ಮನೆಗೆ ಹೋಗಿ ಅಮ್ಮನಿಗೆ ತೋರಿಸಿದಾಗ ಆಕೆಗೂ ಓದಲು ಬರಬೇಕು ಎಂಬ ಲೆಕ್ಕ ಅಲ್ಲಿದೆ. ಭೂಗೋಳದ ಮೇಲೆ ಕುವೈತ್ ಒಂದನ್ನೇ ತೋರಿಸದೆ ಇಡೀ ಪರ್ಯಾಯ ದ್ವೀಪವನ್ನು ಬಿಡಿಸಿದ್ದಕ್ಕೂ ಕಾರಣ ಊಹಿಸಬಹುದು. ಇರಾಕಿ ಸೇನೆ ಆಗ ನಿಂತಿದ್ದು ಸೌದಿಯ ಗಡಿಯಲ್ಲೇ. 1991ರ ಜನವರಿ ಕೊನೆಯಲ್ಲಿ ಖಫ್ಜಿ ಎಂಬ ಸೌದಿ ಪಟ್ಟಣದೊಳಗೂ ನುಗ್ಗಿ, ಸೌದಿ ಮತ್ತು ಕತಾರ್ ಸೈನಿಕರು ಮೈತ್ರಿಕೂಟದ ವಿಮಾನಗಳ ನೆರವಿನಿಂದ ಅದನ್ನು ಹಿಮ್ಮೆಟ್ಟಿಸಿದರು. ಸೌದಿಗೆ ಇದು ನೆರೆಮನೆಯ ಬೆಂಕಿಯಷ್ಟೇ ಆಗಿರಲಿಲ್ಲ.

ರಿಬ್ಬನ್‌ನ ನಡುಭಾಗ ಅಗಲವಾದ ಹಸಿರು. ಎರಡೂ ಅಂಚಿನ ಕಡೆಗೆ ಬಿಳಿ, ಕಪ್ಪು, ಕೆಂಪು ಪಟ್ಟಿಗಳು. ಹಸಿರು ಸೌದಿ ಬಾವುಟದ ಬಣ್ಣ. ಇಡೀ ರಿಬ್ಬನ್ ಒಟ್ಟಿಗೆ ನೋಡಿದರೆ ಕುವೈತ್ ಬಾವುಟದ ನಾಲ್ಕೂ ಬಣ್ಣ ಅದರಲ್ಲಿವೆ. ಪದಕ ಹಾಕದೆ ಬರೀ ರಿಬ್ಬನ್ ಪಟ್ಟಿ ಧರಿಸುವಾಗ ಅದರ ಮೇಲೂ ಚಿನ್ನದ ಬಣ್ಣದ ಪುಟ್ಟ ಖರ್ಜೂರದ ಮರ ಮತ್ತು ಕತ್ತಿಯ ಗುರುತು ಕೂರುತ್ತದೆ.

ಕುವೈತ್‌ನ ಪದಕ

ಕುವೈತ್ ಸರ್ಕಾರ ತನ್ನ ಪದಕಕ್ಕೆ ಆಜ್ಞೆ ಹೊರಡಿಸಿದ್ದು 1994ರಲ್ಲಿ. ಯುದ್ಧ ಮುಗಿದು ಮೂರು ವರ್ಷವಾದ ಮೇಲೆ. ಆ ಮೂರು ವರ್ಷ ಆ ದೇಶಕ್ಕೆ ಬೇರೆ ಕೆಲಸಗಳಿದ್ದವು ಬಿಡಿ. ತೈಲಬಾವಿ, ವಿದ್ಯುತ್, ನೀರು ಶುದ್ಧೀಕರಣ, ಕೊಳ್ಳೆಯಾದ ಬ್ಯಾಂಕು, ನೆಲದಲ್ಲಿ ಹುಗಿದಿಟ್ಟ ಬಾಂಬು. ಇರಾಕಿ ಸೇನೆ ಕೇಂದ್ರ ಬ್ಯಾಂಕಿನಿಂದ ನೋಟುಗಳನ್ನೂ ಹೊತ್ತೊಯ್ದಿತ್ತು. ಹಾಗಾಗಿ ವಿಮೋಚನೆಯಾದ ತಿಂಗಳೊಳಗೆ, 1991ರ ಮಾರ್ಚ್ 24ಕ್ಕೆ, ಹೊಸ ನೋಟು ಬಿಡುಗಡೆ ಮಾಡಿ ಕಳವಾದ ನೋಟುಗಳನ್ನು ರದ್ದು ಮಾಡಬೇಕಾಯಿತು. ನಮ್ಮಂಥ ಲೆಕ್ಕ ಬರೆಯುವವರಿಗೆ ಆ ನೋಟು ರದ್ದತಿಯ ಕಥೆ ಪದಕಕ್ಕಿಂತ ರುಚಿ. ಅದು ಇನ್ನೊಂದು ದಿನಕ್ಕಿರಲಿ.

ಈ ಪದಕ ಕಂಚಿನ ಬಣ್ಣದ ದುಂಡು ಬಿಲ್ಲೆ, ಸುಮಾರು ಒಂದೂವರೆ ಅಂಗುಲ ಅಗಲ. ಮುಂಬದಿಯಲ್ಲಿ ಕುವೈತ್‌ನ ರಾಷ್ಟ್ರಲಾಂಛನ, ಅದರ ಮೇಲೆ ಅರಬ್ಬಿಯಲ್ಲಿ ‘ವಿಮೋಚನಾ ಪದಕ’ ಎಂಬ ಬರಹ ಮತ್ತು 1991 ಎಂಬ ವರ್ಷ. ಇಂಗ್ಲಿಷ್ ಇಲ್ಲ. ಹಿಂಬದಿಯಲ್ಲಿ ಕುವೈತ್‌ನ ನಕ್ಷೆ, ಅದರ ಸುತ್ತ ಹರಡಿದ ಕಿರಣಗಳು. ಪದಕ ನೇತಾಡುವ ಪಟ್ಟಿಯೂ ಎಲೆಗಳ ಹಾರದ ಆಕಾರದಲ್ಲಿದೆ.

ಸೌದಿ ಪದಕದಲ್ಲಿ ಭೂಗೋಳ, ಇಲ್ಲಿ ಬರೀ ಕುವೈತ್. ಇದು ಸಹಜ. ಆ ನಕ್ಷೆಯನ್ನೇ ಅಳಿಸಿ, ಇದು ಇರಾಕಿನ 19ನೇ ಪ್ರಾಂತ್ಯ ಎಂದು ಸದ್ದಾಂ ಘೋಷಿಸಿದ್ದ. ಆ ಗೆರೆಗಳನ್ನು ಲೋಹದ ಮೇಲೆ ಮತ್ತೆ ಒತ್ತುವುದೇ ಒಂದು ಉತ್ತರ. ನನ್ನನ್ನು ಕೇಳಿದರೆ ಎರಡು ಪದಕಗಳಲ್ಲಿ ಇದೇ ಒಳ್ಳೆಯ ವಿನ್ಯಾಸ. ಹೆಚ್ಚು ಮಾತಿಲ್ಲ, ಹೇಳಬೇಕಾದದ್ದು ಇದೆ.

ಲಾಂಛನದ ಬಗ್ಗೆ ಸ್ವಲ್ಪ ನಿಂತು ನೋಡೋಣ. ರೆಕ್ಕೆ ಹರಡಿದ ಗಿಡುಗ, ಅದರ ಎದೆಯ ಮೇಲೆ ಬಾವುಟದ ಬಣ್ಣಗಳ ಗುರಾಣಿ, ಎರಡು ರೆಕ್ಕೆಗಳ ನಡುವೆ ವೃತ್ತದಲ್ಲಿ ಅಲೆಗಳ ಮೇಲೆ ಸಾಗುವ ಹಾಯಿಹಡಗು. ಗಿಡುಗ ಪ್ರವಾದಿಯವರ ಕುರೈಶ್ ಕುಲದ ಗುರುತು ಎನ್ನುತ್ತಾರೆ. ಹಡಗು ಮಾತ್ರ ಕುವೈತ್‌ನ ಸ್ವಂತದ್ದು. ಕುವೈತ್‌ನಲ್ಲಿರುವವರು ಜೇಬಿಗೆ ಕೈ ಹಾಕಿ ಒಂದು 50 ಅಥವಾ 100 ಫಿಲ್ಸ್ ನಾಣ್ಯ ತೆಗೆದು ನೋಡಿ, ಅದೇ ಹಡಗು. 1961ರಿಂದ ನಾಣ್ಯದ ಮೇಲೆ ಅದೇ ಚಿತ್ರ ನಡೆದುಬಂದಿದೆ.

ತೈಲ ಸಿಗುವ ಮೊದಲು ಕುವೈತ್ ಬದುಕಿದ್ದೇ ಈ ಹಡಗುಗಳಿಂದ ಮತ್ತು ಮುತ್ತಿನಿಂದ. ಬಸ್ರಾದ ಖರ್ಜೂರ ತುಂಬಿಕೊಂಡು ಕರಾಚಿ, ಮುಂಬೈ, ಅಲ್ಲಿಂದ ದಕ್ಷಿಣಕ್ಕೆ ಕಲ್ಲಿಕೋಟೆವರೆಗೆ ನಮ್ಮ ಪಶ್ಚಿಮ ಕರಾವಳಿ ಹಿಡಿದು ಬರುತ್ತಿದ್ದವು. ಮರಳುವಾಗ ಮರ, ಅಕ್ಕಿ, ಸಾಂಬಾರ ಪದಾರ್ಥ. ಕುವೈತ್‌ನಲ್ಲಿ ಮರ ಬೆಳೆಯುವುದಿಲ್ಲ. ಆ ಹಡಗು ಕಟ್ಟಲು ಬೇಕಾದ ತೇಗ ಬರುತ್ತಿದ್ದದ್ದು ಮಲಬಾರ್‌ನಿಂದ. ಅಂದರೆ ಪದಕದ ಮೇಲಿನ ಹಡಗು ಅರಬ್ಬರ ಕೈಕೆಲಸ, ಮರ ಮಾತ್ರ ನಮ್ಮ ಕಡೆಯದು. ಹಣವೂ ಹಾಗೆಯೇ. 1961ರವರೆಗೆ ಕುವೈತ್‌ನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಮೊದಲು ಭಾರತದ ಮಾಮೂಲಿ ರೂಪಾಯಿ, 1959ರಿಂದ ರಿಸರ್ವ್ ಬ್ಯಾಂಕ್ ಪ್ರತ್ಯೇಕವಾಗಿ ಹೊರಡಿಸಿದ ಗಲ್ಫ್ ರೂಪಾಯಿ. ದೀನಾರ್ ಬಂದಾಗ ಒಂದು ದೀನಾರ್‌ಗೆ 13 ರೂಪಾಯಿ ಚಿಲ್ಲರೆ ಲೆಕ್ಕದಲ್ಲಿ ಬದಲಾಯಿಸಿಕೊಟ್ಟರು. ಇವತ್ತಿನ ದರ ನೆನಪಿಸಿಕೊಂಡು ಯಾರೂ ನಿಟ್ಟುಸಿರು ಬಿಡಬೇಡಿ.

ರಿಬ್ಬನ್ ಬಗ್ಗೆ ಹೇಳಿದೆ. ಕುವೈತ್ ಬಾವುಟ ಹಸಿರು, ಬಿಳಿ, ಕೆಂಪು ಅಡ್ಡಪಟ್ಟಿಗಳದ್ದು, ಕಂಬದ ಪಕ್ಕ ಕಪ್ಪು ಕತ್ತರಿಸಿದ ತ್ರಿಕೋನದಂಥ ಆಕಾರ. ಪದಕದ ರಿಬ್ಬನ್‌ನಲ್ಲಿ ಅದನ್ನೇ ನೆಟ್ಟಗೆ ನಿಲ್ಲಿಸಿದ್ದಾರೆ. ಮೂರು ಸಮಾನ ಪಟ್ಟಿ, ಮೇಲ್ಭಾಗದಲ್ಲಿ ಕಪ್ಪು ಆಕಾರ. ಸಾಮಾನ್ಯವಾಗಿ ಪದಕದ ರಿಬ್ಬನ್‌ಗೆ ನೇರ ಪಟ್ಟಿಗಳೇ ಇರುತ್ತವೆ. ನೂಲು ನೇಯುವಾಗ ಅದು ಸುಲಭ, ಎಷ್ಟು ಉದ್ದ ಬೇಕಾದರೂ ಒಂದೇ ಸಮ ನೇಯ್ದು ಕತ್ತರಿಸಬಹುದು. ಇಲ್ಲಿ ಪ್ರತಿ ತುಂಡಿನಲ್ಲೂ ಕಪ್ಪು ಭಾಗ ಸರಿಯಾದ ಜಾಗಕ್ಕೇ ಬರಬೇಕು. ಹಾಗಾಗಿ ನೂರು ರಿಬ್ಬನ್‌ಗಳ ನಡುವೆ ಇಟ್ಟರೂ ಇದನ್ನು ದೂರದಿಂದಲೇ ಹೇಳಬಹುದು. ನಾಲ್ಕು ಬಣ್ಣಗಳನ್ನು ಮಧ್ಯಕಾಲದ ಅರಬ್ ಕವಿ ಸಫೀ ಅಲ್-ದೀನ್ ಅಲ್-ಹಿಲ್ಲಿಯ ಪದ್ಯದಿಂದ ತೆಗೆದುಕೊಂಡರು ಎಂದು ಕುವೈತ್ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಬಾವುಟ ಮೊದಲು ಹಾರಿದ್ದು ಬ್ರಿಟಿಷ್ ರಕ್ಷಣೆಯಿಂದ ಸ್ವತಂತ್ರವಾದ 1961ರಲ್ಲೇ.

ಇನ್ನೊಂದು ವಿಷಯ. ಕುವೈತ್ ತನ್ನ ಪದಕವನ್ನು ಹುದ್ದೆಗೆ ತಕ್ಕಂತೆ ಐದು ದರ್ಜೆಗಳಲ್ಲಿ ಇಟ್ಟಿತ್ತು. ಅಮೆರಿಕ ಇದಕ್ಕೆ ಒಪ್ಪಲಿಲ್ಲ. ಯುದ್ಧಸೇವಾ ಪದಕ ಜನರಲ್‌ಗೂ ಅಡುಗೆಯವನಿಗೂ ಒಂದೇ ಎಂಬುದು ಅಲ್ಲಿನ ಪದ್ಧತಿ. ಹಾಗಾಗಿ ತನ್ನ ಸೈನಿಕರೆಲ್ಲರಿಗೂ ಒಂದೇ ದರ್ಜೆಯ ಪದಕ ಪಡೆಯಿತು. ಇವತ್ತು ಮಾರುಕಟ್ಟೆಯಲ್ಲಿ ಕಾಣುವ ಬಹುಪಾಲು ಪದಕಗಳು ಒಂದೇ ಥರ ಇರುವುದಕ್ಕೆ ಇದೇ ಕಾರಣ.

ಯಾರಿಗೆ ಸಿಕ್ಕಿತು, ಯಾರು ಹಾಕಬಹುದು

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಪದಕ ಅಂದಕೂಡಲೇ ನಾವು ಶೌರ್ಯ ಎಂದುಕೊಳ್ಳುತ್ತೇವೆ. ಇವೆರಡೂ ಶೌರ್ಯ ಪದಕಗಳಲ್ಲ. ಇವು ಹಾಜರಿ ಪುಸ್ತಕ. ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಪ್ರದೇಶದಲ್ಲಿ ಕೆಲಸದ ಮೇಲೆ ಇದ್ದೆಯಾ? ಇದ್ದರೆ ಪದಕ. ಗುಂಡು ಹಾರಿಸಿದೆಯಾ, ಟ್ರಕ್ ಓಡಿಸಿದೆಯಾ, ಬಟ್ಟೆ ಲೆಕ್ಕ ಬರೆದೆಯಾ ಎಂದು ಕೇಳುವುದಿಲ್ಲ.

ಅಮೆರಿಕದ ಸೈನಿಕರಿಗೆ ಸೌದಿ ಪದಕದ ಅವಧಿ 1991ರ ಜನವರಿ 17ರಿಂದ ಫೆಬ್ರವರಿ 28ರವರೆಗೆ, ಅಂದರೆ ಎರಡೂ ದಿನ ಸೇರಿಸಿ 43 ದಿನ. ಕುವೈತ್ ಪದಕದ ಅವಧಿ 1990ರ ಆಗಸ್ಟ್ 2ರಿಂದ 1993ರ ಆಗಸ್ಟ್ 31ರವರೆಗೆ, ಮೂರು ವರ್ಷ ಒಂದು ತಿಂಗಳು. ಒಂದೇ ಯುದ್ಧವನ್ನು ಎರಡು ದೇಶ ಎರಡು ರೀತಿ ಅಳೆದಿವೆ. ಸೌದಿಯ ಲೆಕ್ಕದಲ್ಲಿ ಯುದ್ಧ ಎಂದರೆ ಬಾಂಬು ಬಿದ್ದ ದಿನಗಳು. ಕುವೈತ್‌ನ ಲೆಕ್ಕ ಶತ್ರು ಗಡಿ ದಾಟಿದ ದಿನವೇ ಶುರುವಾಗುತ್ತದೆ, ಗುಂಡಿನ ಸದ್ದು ನಿಂತ ಮೇಲೂ ಎರಡೂವರೆ ವರ್ಷ ಮುಂದುವರಿಯುತ್ತದೆ. ಮನೆ ಕಳೆದುಕೊಂಡವನ ಕ್ಯಾಲೆಂಡರ್ ಸಹಾಯಕ್ಕೆ ಬಂದವನ ಕ್ಯಾಲೆಂಡರ್‌ಗಿಂತ ಉದ್ದ ಇರುವುದು ಸಹಜವೇ.

ಬೇರೆ ದೇಶ ಕೊಟ್ಟ ಪದಕ ಹಾಕಿಕೊಳ್ಳಲು ಸೈನಿಕನಿಗೆ ತನ್ನ ಸರ್ಕಾರದ ಅನುಮತಿ ಬೇಕು. ಅಮೆರಿಕ ಸೌದಿ ಪದಕಕ್ಕೆ 1992ರ ಜನವರಿಯಲ್ಲಿ, ಕುವೈತ್ ಪದಕಕ್ಕೆ 1995ರ ಮಾರ್ಚ್ 16ಕ್ಕೆ ಒಪ್ಪಿಗೆ ಕೊಟ್ಟಿತು. ಎರಡೂ ಸಾಲಿನ ಕೊನೆಯಲ್ಲಿ ಬರುತ್ತವೆ, ಸೌದಿ ಮೊದಲು, ಕುವೈತ್ ಆಮೇಲೆ. ಬ್ರಿಟನ್‌ನ ನಿಲುವು ಬೇರೆ. ತೆಗೆದುಕೊಳ್ಳಿ, ನೆನಪಿಗೆ ಮನೆಯಲ್ಲಿಟ್ಟುಕೊಳ್ಳಿ, ಸಮವಸ್ತ್ರದ ಮೇಲೆ ಹಾಕಬೇಡಿ ಎಂದಿತು. ಒಂದು ಯುದ್ಧಕ್ಕೆ ಒಂದೇ ಪದಕ ಸಾಕು ಎಂಬುದು ಅವರ ಹಳೆ ಲೆಕ್ಕ, ಮತ್ತು ಅವರದ್ದೇ ಗಲ್ಫ್ ಪದಕ ಆಗಲೇ ಇತ್ತು. ಅದರ ಹಿಂಬದಿಯಲ್ಲಿ ಲಂಗರು, ಬಂದೂಕು, ಹದ್ದು ಮೂರೂ ಸೇರಿವೆ. ರಿಬ್ಬನ್‌ನ ನಡುವೆ ಮರಳಿನ ಬಣ್ಣ, ಅಕ್ಕಪಕ್ಕ ಮೂರು ಸೇನೆಗಳ ಮೂರು ಬಣ್ಣ. ಅಮೆರಿಕ ಕೂಡ ತನ್ನದೇ ನೈಋತ್ಯ ಏಷ್ಯಾ ಸೇವಾ ಪದಕವನ್ನು 1991ರ ಮಾರ್ಚ್‌ನಲ್ಲೇ ಸ್ಥಾಪಿಸಿತ್ತು. ಮರುಭೂಮಿ, ಸಮುದ್ರ, ಟ್ಯಾಂಕ್, ಹೆಲಿಕಾಪ್ಟರ್, ಹಡಗು ಎಲ್ಲವನ್ನೂ ಒಂದೇ ಬಿಲ್ಲೆಯಲ್ಲಿ ತುರುಕಿದ ಪದಕ ಅದು. ನನಗಂತೂ ಗೋಡೆ ಕ್ಯಾಲೆಂಡರ್ ನೋಡಿದ ಹಾಗಾಗುತ್ತದೆ.

ಅಂಗಡಿಯಲ್ಲಿ ಕಂಡರೆ ಗುರುತಿಸುವುದು ಹೇಗೆ? ಇಂಗ್ಲಿಷ್ ಬರಹ, ಕಿರಣಗಳ ನಕ್ಷತ್ರ ಇದ್ದರೆ ಸೌದಿಯದ್ದು. ದುಂಡು ಬಿಲ್ಲೆ, ಹಡಗು, ಬಾವುಟದ ರಿಬ್ಬನ್ ಇದ್ದರೆ ಕುವೈತ್‌ನದ್ದು. ದುಡ್ಡು ಹಾಕುವ ಮೊದಲು ಒಂದು ವಿಷಯ ನೆನಪಿಡಿ. ಇವು ಲಕ್ಷಗಟ್ಟಲೆ ಟಂಕಿಸಿದ ಪದಕಗಳು, ಅಂಚಿನಲ್ಲಿ ಪಡೆದವನ ಹೆಸರು ಕೊರೆದಿರುವುದಿಲ್ಲ. ಹೆಸರಿಲ್ಲದ ಪದಕ ಯಾರದ್ದೆಂದು ಯಾರೂ ಸಾಬೀತು ಮಾಡಲಾರರು. ಇದು ಇಂಥ ಜನರಲ್‌ರ ಪದಕ ಎಂದು ಅಂಗಡಿಯವನು ಕಥೆ ಹೇಳಿ ಬೆಲೆ ಏರಿಸಿದರೆ ಕಾಗದ ಕೇಳಿ. ಕಾಗದ ಇಲ್ಲದಿದ್ದರೆ ಅದು ಬರೀ ಲೋಹ ಮತ್ತು ರಿಬ್ಬನ್.

ಕೆಲಸಗಾರರಿಗೂ ಪದಕ ಸಿಕ್ಕ ಕಾಲ

ಅಂಚಿನ ಮೇಲಿನ ಹೆಸರಿನ ಮಾತು ಬಂದದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅರಬ್ ನೆಲದ ಯುದ್ಧಕ್ಕಾಗಿ ಕರ್ನಾಟಕದವರ ಎದೆಗೆ ಪದಕ ಬಂದ ಕಾಲವೂ ಒಂದಿತ್ತು. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಸವಾರರು, ಮೈಸೂರು ಲ್ಯಾನ್ಸರ್ಸ್, ಈಜಿಪ್ಟ್ ಮತ್ತು ಪ್ಯಾಲೆಸ್ತೀನ್‌ನಲ್ಲಿ ಹೋರಾಡಿದರು. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಆ ಯುದ್ಧಕ್ಕೆ ಬ್ರಿಟಿಷರು ಕೊಟ್ಟ ಯುದ್ಧ ಪದಕ ಬೆಳ್ಳಿಯದ್ದು. ಒಂದು ಬದಿ ಐದನೇ ಜಾರ್ಜ್ ದೊರೆ, ಇನ್ನೊಂದು ಬದಿ ಕುದುರೆಯೇರಿದ ಸಂತ ಜಾರ್ಜ್, ಅಂಚಿನಲ್ಲಿ ಸೈನಿಕನ ಹೆಸರು.

ಅದೇ ಪದಕ ಕಂಚಿನಲ್ಲೂ ಬಂತು. ಬೆಳ್ಳಿಯದ್ದು ಸುಮಾರು 65 ಲಕ್ಷ, ಕಂಚಿನದ್ದು ಸುಮಾರು 1 ಲಕ್ಷ 10 ಸಾವಿರ. ಕಂಚಿನದ್ದು ಯಾರಿಗೆ ಗೊತ್ತೇ? ಚೀನಾ, ಮಾಲ್ಟಾ, ಭಾರತದ ಕೂಲಿ ಪಡೆಗಳಿಗೆ. ಬಂದರಿನಲ್ಲಿ ಮೂಟೆ ಹೊತ್ತವರು, ರಸ್ತೆ ಮತ್ತು ರೈಲು ಹಳಿ ಹಾಕಿದವರು. ಬಸ್ರಾದಲ್ಲಿ ಅಂಥ ಭಾರತೀಯ ಕೂಲಿಗಳು ಸಾವಿರಾರು ಮಂದಿ ದುಡಿದಿದ್ದರು. ಚಿತ್ರ ಅದೇ, ರಿಬ್ಬನ್ ಅದೇ, ಲೋಹ ಮಾತ್ರ ಅಗ್ಗ. ಅವಮಾನ ಅನ್ನಬಹುದು. ಆದರೂ ಆ ಸಾಮ್ರಾಜ್ಯಕ್ಕೆ, ಯುದ್ಧದ ಲೆಕ್ಕದಲ್ಲಿ ಕೆಲಸಗಾರನ ಹೆಸರೂ ಬರಬೇಕು ಎಂದು ಒಮ್ಮೆಯಾದರೂ ಅನ್ನಿಸಿತ್ತು.

1991ರ ಎರಡು ಪದಕಗಳ ನಿಯಮದಲ್ಲಿ ಅಂಥ ಸಾಲು ನಮ್ಮವರ ಪಾಲಿಗೆ ಇರಲಿಲ್ಲ. ಭಾರತ ಮೈತ್ರಿಕೂಟಕ್ಕೆ ಸೇನೆ ಕಳಿಸಲಿಲ್ಲ. ಚಂದ್ರಶೇಖರ್ ಪ್ರಧಾನಿಯಾಗಿದ್ದಾಗ ಅಮೆರಿಕದ ವಿಮಾನಗಳು ಭಾರತದಲ್ಲಿ ಇಂಧನ ತುಂಬಿಸಿಕೊಳ್ಳಲು ಕೆಲವು ದಿನ ಬಿಟ್ಟಿದ್ದು, ಗಲಾಟೆಯಾದ ಮೇಲೆ ನಿಲ್ಲಿಸಿದ್ದು ಅಷ್ಟೇ. ನೆರೆಯ ಪಾಕಿಸ್ತಾನ, ಬಾಂಗ್ಲಾದೇಶಗಳು ಸೌದಿಗೆ ಸೈನಿಕರನ್ನು ಕಳಿಸಿದ್ದವು. ಆದರೆ ಆಗಸ್ಟ್ 2ರ ಬೆಳಿಗ್ಗೆ ಕುವೈತ್‌ನೊಳಗೆ ಇದ್ದ ಭಾರತೀಯರ ಸಂಖ್ಯೆ ಸುಮಾರು 1 ಲಕ್ಷ 70 ಸಾವಿರ. ಮಂಗಳೂರು, ಉಡುಪಿ, ಭಟ್ಕಳ, ಕಾರವಾರದ ಕಡೆಯ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬರುತ್ತಿತ್ತು.

ಅವರ ಯುದ್ಧ ನಡೆದದ್ದು ಬಸ್ಸಿನಲ್ಲಿ. ಕುವೈತ್‌ನಿಂದ ಬಸ್ರಾ, ಬಸ್ರಾದಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್ ಗಡಿ, ಗಡಿಯ ಡೇರೆಗಳಲ್ಲಿ ಸರದಿ, ಕೊನೆಗೆ ಅಮ್ಮಾನ್ ವಿಮಾನ ನಿಲ್ದಾಣ. ಬ್ಯಾಂಕಿನಲ್ಲಿದ್ದ ದೀನಾರ್ ಹೋಯಿತು, ಬಾಕಿ ಸಂಬಳ ಹೋಯಿತು, ಮನೆಯ ಸಾಮಾನು ಹೋಯಿತು. ಆಗಸ್ಟ್ 13ರಿಂದ ಸುಮಾರು ಎರಡು ತಿಂಗಳಲ್ಲಿ 488 ವಿಮಾನಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ಏರ್ ಇಂಡಿಯಾ ಅಮ್ಮಾನ್‌ನಿಂದ ಮುಂಬೈಗೆ ತಂದಿತು. ನಾಗರಿಕ ವಿಮಾನ ಸಂಸ್ಥೆಯೊಂದು ಮಾಡಿದ ಅತಿ ದೊಡ್ಡ ತೆರವು ಎಂದು ಗಿನ್ನೆಸ್ ದಾಖಲೆಯೂ ಆಯಿತು. ಹೋಗದೆ ಅಲ್ಲೇ ಉಳಿದವರೂ ಕೆಲವು ಸಾವಿರ ಮಂದಿ. ಅಂಗಡಿ, ಆಸ್ಪತ್ರೆ, ಬೇಕರಿ ಬಿಟ್ಟು ಬರಲಾಗದವರು.

ಅವರ ಪಾಲಿನ ಹಾಜರಿ ಪುಸ್ತಕ

ಕೆಲಸಗಾರರಿಗೆ ಪದಕ ಬರಲಿಲ್ಲ, ಒಂದು ಅರ್ಜಿ ಬಂತು. ಭದ್ರತಾ ಮಂಡಳಿ 1991ರ ಏಪ್ರಿಲ್‌ನಲ್ಲಿ 687ನೇ ನಿರ್ಣಯ ಮಾಡಿ, ಯುದ್ಧದ ನಷ್ಟಕ್ಕೆ ಇರಾಕ್ ಹೊಣೆ ಎಂದಿತು. ಅದರಂತೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ಶುರುವಾಯಿತು. ಇರಾಕಿನ ತೈಲ ಮಾರಾಟದಲ್ಲಿ ಮೊದಲು ಶೇ. 30 ಇದಕ್ಕೆ ಎಂದು ನಿಗದಿ. ನಂತರ ಅದು 25ಕ್ಕೆ, 2003ರಲ್ಲಿ 5ಕ್ಕೆ ಇಳಿಯಿತು.

ಆಯೋಗ ಅರ್ಜಿಗಳನ್ನು ವರ್ಗ ಮಾಡಿತು. ಎ ವರ್ಗ ನಮ್ಮಂಥವರದ್ದು. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ಒಳಗೆ ಕುವೈತ್ ಅಥವಾ ಇರಾಕ್ ಬಿಟ್ಟು ಹೊರಡಬೇಕಾದವರು. ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿದರೆ 4,000 ಮತ್ತು 8,000. ಗಾಯ, ಸಾವಿಗೆ ಬಿ ವರ್ಗ. ವೈಯಕ್ತಿಕ ಆಸ್ತಿ ನಷ್ಟಕ್ಕೆ 1 ಲಕ್ಷ ಡಾಲರ್‌ವರೆಗೆ ಸಿ, ಅದಕ್ಕಿಂತ ಹೆಚ್ಚಿಗೆ ಡಿ. ಉಳಿದವು ಕಂಪನಿ ಮತ್ತು ಸರ್ಕಾರಗಳದ್ದು. ಎ ವರ್ಗಕ್ಕೆ ಬೇರೆ ಬೇರೆ ದೇಶಗಳಿಂದ ಬಂದ ಅರ್ಜಿ 9 ಲಕ್ಷಕ್ಕೂ ಹೆಚ್ಚು. ಅರ್ಜಿ ಹೋಗಬೇಕಾದದ್ದು ಅವರವರ ಸರ್ಕಾರದ ಮೂಲಕ.

ಇಲ್ಲಿ ಪದಕದ ನಿಯಮವನ್ನೂ ಈ ಅರ್ಜಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಕೇಳುವುದು ಒಂದೇ. ಆ ದಿನಗಳಲ್ಲಿ ನೀನು ಅಲ್ಲಿ ಇದ್ದೆಯಾ, ಕಾಗದ ಎಲ್ಲಿ? ಎ ವರ್ಗದಲ್ಲಿ ಏನೇನು ಕಳೆದುಕೊಂಡೆ ಎಂದು ಬಿಡಿಬಿಡಿಯಾಗಿ ತೋರಿಸಬೇಕಿರಲಿಲ್ಲ. ಅಲ್ಲಿದ್ದದ್ದು, ಆ ಅವಧಿಯಲ್ಲಿ ಹೊರಟದ್ದು ಗೊತ್ತಾದರೆ ಸಾಕಿತ್ತು. ಸೈನಿಕನ ದಿನಾಂಕ ಸೇನೆಯ ದಫ್ತರಿನಲ್ಲಿ ತಾನಾಗಿ ದಾಖಲಾಗಿತ್ತು. ಕೆಲಸಗಾರನ ದಿನಾಂಕ ಇದ್ದದ್ದು ಪಾಸ್‌ಪೋರ್ಟಿನ ಮಸುಕು ಮುದ್ರೆಯಲ್ಲಿ. ಪಾಸ್‌ಪೋರ್ಟ್ ಕಫೀಲ್‌ನ ಬೀರುವಿನಲ್ಲೇ ಉಳಿದುಹೋದವರ ಪಾಡು ನಿಮಗೇ ಅರ್ಥವಾಗುತ್ತದೆ.

ಹಣ ಬರುವುದೂ ತಡವಾಯಿತು. ನಿರ್ಬಂಧದಿಂದಾಗಿ ಇರಾಕ್ ತೈಲ ಮಾರುವಂತೆಯೇ ಇರಲಿಲ್ಲ. 1996ರ ಕೊನೆಯಲ್ಲಿ ಆಹಾರಕ್ಕಾಗಿ ತೈಲ ಯೋಜನೆ ಶುರುವಾಗಿ ಮಾರಾಟ ಮತ್ತೆ ಆರಂಭವಾದ ಮೇಲೆಯೇ ದೊಡ್ಡ ಮೊತ್ತ ಹರಿಯಿತು. ಅಂದರೆ ಕುವೈತ್‌ನ ಪದಕಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟ 1995ರಲ್ಲಿ ನಮ್ಮವರಲ್ಲಿ ಬಹುಪಾಲು ಜನ ಇನ್ನೂ ಅಂಚೆಯವನ ದಾರಿ ಕಾಯುತ್ತಿದ್ದರು. ಆದರೆ ಒಂದು ಮೆಚ್ಚಬೇಕು. ದೊಡ್ಡ ಕಂಪನಿಗಳಿಗಿಂತ, ಸರ್ಕಾರಗಳಿಗಿಂತ ಮೊದಲು ಸಣ್ಣ ಅರ್ಜಿದಾರರಿಗೆ ಕೊಡಬೇಕು ಎಂದು ಆಯೋಗ ತೀರ್ಮಾನಿಸಿ, ಹಾಗೆಯೇ ನಡೆದುಕೊಂಡಿತು. ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಇದು ಅಪರೂಪ. ಒಟ್ಟು ಸುಮಾರು 15 ಲಕ್ಷ ಅರ್ಜಿದಾರರಿಗೆ 5,240 ಕೋಟಿ ಡಾಲರ್ ಪಾವತಿಯಾಯಿತು. ಕೊನೆಯ ಕಂತು 2022ರ ಜನವರಿಯಲ್ಲಿ ಕುವೈತ್ ಪೆಟ್ರೋಲಿಯಂ ಕಾರ್ಪೊರೇಶನ್‌ಗೆ ಹೋಯಿತು. ಅಲ್ಲಿಗೆ ಖಾತೆ ಮುಚ್ಚಿತು.

ಖಾತೆ ಮುಚ್ಚಿತು ಎಂಬುದನ್ನು ಒತ್ತಿ ಹೇಳಬೇಕು. ಕುವೈತ್ ಯುದ್ಧದ ಪರಿಹಾರ ಇನ್ನೂ ಬಾಕಿ ಇದೆ, ಹಳೆ ಪಾಸ್‌ಪೋರ್ಟ್ ಮತ್ತು ಇಷ್ಟು ಫೀಸು ಕೊಡಿ, ಕೊಡಿಸುತ್ತೇವೆ ಎಂದು ಊರಿನಲ್ಲಿರುವ ಅಪ್ಪನಿಗೋ ಚಿಕ್ಕಪ್ಪನಿಗೋ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿ ಕೊಡಬೇಡಿ ಎಂದು ತಿಳಿಸಿ. ಹೊಸ ಅರ್ಜಿಗೆ ಅವಕಾಶವೇ ಇಲ್ಲ. 1990ರ ಮುದ್ರೆ ಇರುವ ಪಾಸ್‌ಪೋರ್ಟ್, ಹಳೆ ಸಿವಿಲ್ ಐಡಿ, ಅಮ್ಮಾನ್‌ನಿಂದ ಬಂದ ಟಿಕೆಟ್ ಚೂರು ಮನೆಯ ಟ್ರಂಕಿನಲ್ಲಿ ಇದ್ದರೆ ಯಾರ ಕೈಗೂ ಕೊಡಬೇಡಿ, ನೀವೇ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಪದಕದ ಮೇಲೆ ಯಾರ ಹೆಸರೂ ಇರುವುದಿಲ್ಲ. ಆ ಕಾಗದಗಳ ಮೇಲೆ ನಿಮ್ಮವರ ಹೆಸರು, ಫೋಟೊ, ತಾರೀಖು ಮೂರೂ ಇರುತ್ತವೆ.